ಏಳನೇ ಸ್ಟೇಜಿನ ಸೊನ್ನೆ

ಕಂಡಕ್ಟರಮ್ಮನ ಮೇಲೆ ನಾನು ಅನುಮಾನಪಡಲು ಶುರುಮಾಡಿದ್ದು ಸ್ವಂತ ಬುದ್ಧಿಯಿಂದಲ್ಲ, ಸಂಬಳದ ಕೆಲಸವಾಗಿ. ಸ್ವಂತ ಬುದ್ಧಿಯಿಂದ ನಾನು ಮಾಡಿದ ಕೆಲಸ ಒಂದೇ ಒಂದು. ಅದನ್ನೂ ಹೇಳುತ್ತೇನೆ, ಹೇಳದೆ ವಿಧಿಯಿಲ್ಲ.

ನಾನು ಲಾಂಡ್ರಿಯೊಂದರಲ್ಲಿ ಮೆಷಿನ್ ನೋಡಿಕೊಳ್ಳುವವನು. ಲಾಂಡ್ರಿ ಎಂದರೆ ಮೂಲೆಯ ಇಸ್ತ್ರಿ ಅಂಗಡಿ ಎಂದುಕೊಳ್ಳಬೇಡಿ. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ, ಟವೆಲು, ದಿಂಬಿನ ಕವರು ವ್ಯಾನಿನ ತುಂಬ ಬರುತ್ತವೆ. ಒಂದೊಂದು ಡ್ರಮ್ಮಿನೊಳಗೆ ನನ್ನಂಥವರು ಮೂವರು ಕೂರಬಹುದು. ನಾನು ಬಟನ್ ಒತ್ತುತ್ತೇನೆ, ಡ್ರಮ್ಮು ತಿರುಗುತ್ತದೆ, ನಾನು ಸ್ಟೂಲಿನ ಮೇಲೆ ಕೂರುತ್ತೇನೆ. ಯಾರಾದರೂ ಕೇಳಿದರೆ ‘ಆಪರೇಟರ್’ ಎನ್ನುತ್ತೇನೆ. ಅಕ್ಕ ಮಾತ್ರ, “ಒಗೆಯೋದು ಮೆಷಿನ್ನು, ಸುಸ್ತಾಗೋದು ನೀನು” ಎನ್ನುತ್ತಾಳೆ.

ಒಂದು ಸೋಮವಾರ ಬೆಳಿಗ್ಗೆ ಯಜಮಾನರು ನನ್ನನ್ನು ಆಫೀಸು ಕೋಣೆಗೆ ಕರೆದರು. ಯಜಮಾನರು ಟೀ ಬಂದರೆ ಮೊದಲು ತಂದವನಿಗೇ ಒಂದು ಗುಟುಕು ಕುಡಿಸಿ ನೋಡುವವರು. ಲಾಂಡ್ರಿಯ ಮೇಲಂತಸ್ತಿನಲ್ಲೇ ಅವರ ಮನೆ. ಭಾನುವಾರ ನಾವೆಲ್ಲ ರಜೆಯಲ್ಲಿದ್ದರೂ ಅವರು ಕಿಟಕಿಯಲ್ಲಿರುತ್ತಾರೆ.

“ನಿನ್ನೆ ಮತ್ತೆ ಬಂದಿದ್ರು ಕಣೋ,” ಎಂದರು. “ಹನ್ನೆರಡು ಸಂಸಾರ. ಗಂಡ, ಹೆಂಡತಿ, ಮಕ್ಕಳು, ಕೋಲು ಹಿಡಿದ ಅಜ್ಜ. ನನ್ನ ಜಾಗದಲ್ಲಿ ಹಾದು ಹಳ್ಳಕ್ಕೆ ಇಳೀತಾರೆ. ಒಬ್ಬ ಹೆಂಗಸು ಸೀಟಿ ಊದ್ತಾಳೆ, ಎಲ್ಲರೂ ನಿಲ್ತಾರೆ. ಏನೋ ನೋಡ್ತಾರೆ. ಬರ್ಕೋತಾರೆ.”

“ಹಕ್ಕಿಗಿಕ್ಕಿ ನೋಡ್ತಾರೇನೋ ಸಾರ್.”

“ಹಕ್ಕಿ ನೋಡಿದ್ದಕ್ಕೆ ಯಾರಾದ್ರೂ ಲೆಕ್ಕ ಬರೀತಾರೇನೋ? ಟಿಕೆಟ್ ಇಲ್ಲ, ಚಂದಾ ಇಲ್ಲ. ಈ ಕಾಲದಲ್ಲಿ ಬಿಟ್ಟಿಯಾಗಿ ಯಾರೂ ಬೈಗುಳಾನೂ ಕೊಡಲ್ಲ. ಯಾರೋ ಕಳ್ಸಿದಾರೆ ಆ ಯಮ್ಮನ್ನ.”

ಲಾಂಡ್ರಿಯ ಬಾಯ್ಲರ್ ಶೆಡ್ಡಿಗೂ ಬಟ್ಟೆ ಒಣಗಿಸುವ ಅಂಗಳಕ್ಕೂ ನಡುವೆ ಎರಡಾಳಗಲದ ಕಾಲುದಾರಿ ಇದೆ. ಅದು ಯಜಮಾನರದು. ಬಸ್ ಸ್ಟಾಪಿನಿಂದ ಹಳ್ಳಕ್ಕೆ ಹೋಗಬೇಕಾದರೆ ಅದೊಂದೇ ದಾರಿ. ಉಳಿದ ಕಡೆಯೆಲ್ಲ ಗೋಡೌನುಗಳ ಗೋಡೆ. ಆ ದಾರಿಗೆ ಹಾಕಲೆಂದು ಯಜಮಾನರು ಆಗಲೇ ಕಬ್ಬಿಣದ ಗೇಟು ಮಾಡಿಸಿ ಶೆಡ್ಡಿಗೆ ಒರಗಿಸಿದ್ದರು.

“ಸುಮ್ನೆ ಮುಚ್ಚಿದ್ರೆ ಹನ್ನೆರಡು ಸಂಸಾರ ನನ್ನ ಬಾಗಿಲಿಗೆ ಬರುತ್ತೆ. ಕಾರಣ ಬೇಕು. ನಾಲ್ಕು ಭಾನುವಾರ ನೀನು ಅವರ ಜೊತೆ ಹೋಗು. ಅವಳು ಯಾರ ಕಡೆಯವಳು, ಏನು ಬರ್ಕೋತಾಳೆ, ತಿಳ್ಕೊಂಡು ಬಾ. ನೀನು ಹೌದು ಅಂದ ದಿನ ಗೇಟು.”

“ನಾನೇ ಯಾಕೆ ಸಾರ್?”

“ನಿನ್ನ ಮುಖ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ. ಏನೂ ಗೊತ್ತಿಲ್ಲದವನ ಹಾಗಿದೀಯ.”

ಇದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮೊದಲ ಭಾನುವಾರ ಏಳು ಗಂಟೆಗೆ ಬಸ್ ಸ್ಟಾಪಿಗೆ ಹೋದೆ. ಖಾಕಿ ಬಣ್ಣದ ಹಳೇ ಕೋಟು, ಹೆಗಲಿಗೆ ಅಡ್ಡವಾಗಿ ಚರ್ಮದ ಚೀಲ, ಕಿವಿಯ ಹಿಂದೆ ಪೆನ್ಸಿಲು. ಅರುವತ್ತು ದಾಟಿದ ಹೆಂಗಸು. ಬಸ್ಸು ಇಲ್ಲದಿದ್ದರೂ ಬಸ್ಸಿನ ಕಂಬಿ ಹಿಡಿದವರ ಹಾಗೆ ಕಾಲು ಅಗಲಿಸಿ ನಿಂತಿದ್ದರು. ಕಂಡಕ್ಟರಮ್ಮ ಎಂದು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

“ಎಷ್ಟು ಜನ?” ಎಂದರು.

“ಒಬ್ಬನೇ ಅಮ್ಮ.”

“ಒಬ್ಬೊಬ್ಬರಿಗೆ ಜಾಗ ಇಲ್ಲ. ಮನೆಮಂದಿ ಕರ್ಕೊಂಡು ಬಾ.”

“ನಡೆಯೋದಕ್ಕೆ ಜಾಗ ಯಾಕಮ್ಮ? ಬಸ್ಸಾ ಇದು?”

“ಒಬ್ಬನೇ ಬಂದವನು ಮನೆ ಮುಟ್ಟೋ ಹೊತ್ತಿಗೆ ನೋಡಿದ್ದೆಲ್ಲ ಮರ್ತಿರ್ತಾನೆ. ಮನೆಮಂದಿ ಬಂದ್ರೆ ವಾರವೆಲ್ಲ ಮನೇಲಿ ಅದೇ ಜಗಳ. ನನಗೆ ಆ ಜಗಳ ಬೇಕು. ಮುಂದಿನ ವಾರ ಬಾ.” ಅಷ್ಟು ಹೇಳಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಟಿಕೆಟ್ ಇಲ್ಲದವನು ಬಾಗಿಲ ಬಳಿ ನಿಂತಿದ್ದಾಗ ನೋಡುವ ನೋಟ ಅದು.

ಗೂಢಚಾರನಾಗಲು ಸಂಸಾರ ಬೇಕು ಎಂಬ ಷರತ್ತನ್ನು ನಾನು ಎಲ್ಲೂ ಕೇಳಿರಲಿಲ್ಲ. ನನಗೆ ಸ್ವಂತ ಸಂಸಾರವಿಲ್ಲ. ಅಕ್ಕನ ಮನೆಯಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದೇನೆ. ಭಾವ ಲಾರಿ ಓಡಿಸುವವರು, ತಿಂಗಳಿಗೆ ಎರಡು ಸಲ ಬಂದು ನಿದ್ದೆ ಮಾಡಿ ಹೋಗುತ್ತಾರೆ. ಉಳಿದವಳು ಅಕ್ಕನ ಎಂಟು ವರ್ಷದ ಮಗಳು, ಪುಟ್ಟಿ. ಅಕ್ಕ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಚೀಟಿ ನೋಡಿದ ಕೂಡಲೇ ರೋಗಿ ಏನು ಮುಚ್ಚಿಡುತ್ತಿದ್ದಾನೆ ಎಂದು ಹೇಳಬಲ್ಲಳು.

“ನೀನು ಭಾನುವಾರ ಆರಕ್ಕೆ ಎದ್ದು ವಾಕಿಂಗ್ ಹೋಗೋಣ ಅಂತೀಯ?” ಎಂದಳು. “ಏನು ತಪ್ಪು ಮಾಡಿದ್ದೀಯ ಮೊದ್ಲು ಹೇಳು.”

“ಪರಿಸರ ಅಕ್ಕ. ಮಗೂಗೆ ಒಳ್ಳೇದು.”

“ಪರಿಸರವಂತೆ. ನಿನ್ನ ಕೋಣೆ ಕಸ ಗುಡಿಸಿ ಎಷ್ಟು ದಿನ ಆಯ್ತು?” ಆದರೂ ಬಂದಳು. ನನ್ನ ಮೇಲಿನ ನಂಬಿಕೆಯಿಂದಲ್ಲ, ಕಣ್ಣಿಡಲು.

ಈಗ ಆ ಸ್ವಂತ ಬುದ್ಧಿಯ ಕೆಲಸವನ್ನು ಹೇಳಿಬಿಡುತ್ತೇನೆ. ಲಾಂಡ್ರಿಯಲ್ಲಿ ಬಟ್ಟೆ ಜಾಲಿಸಿದ ನೀರು ಒಂದು ತೊಟ್ಟಿಗೆ ಬರುತ್ತದೆ. ಶನಿವಾರ ಸಂಜೆ ಕೊನೆಯ ಲೋಡು ಮುಗಿದ ಮೇಲೆ ಆ ನೀರನ್ನು ಜಾಲರಿಯ ಮೂಲಕ ಹಿಂದಿನ ಹೊಂಡಕ್ಕೆ ಬಿಟ್ಟು, ತಿಳಿಯಾದ ಮೇಲೆ ಊರಿನ ಒಳಚರಂಡಿಗೆ ಬಿಡಬೇಕು. ಇದು ಯಜಮಾನರ ಕಟ್ಟಪ್ಪಣೆ. ಜಾಲರಿಯ ತುಂಬ ಬಟ್ಟೆಯಿಂದ ಉದುರಿದ ನಾರಿನ ಹಿಂಜು, ಕೂದಲು, ಸೋಪಿನ ಲೋಳೆ ಕಟ್ಟಿಕೊಂಡಿರುತ್ತದೆ; ಬಿಚ್ಚಿ ಕೆರೆದು ತೊಳೆಯಲು ಎರಡು ಗಂಟೆ ಬೇಕು, ಆ ವಾಸನೆ ಎರಡು ದಿನ ಕೈಬಿಡುವುದಿಲ್ಲ. ಹೊಂಡ ಕಟ್ಟುವುದಕ್ಕೂ ಮುಂಚಿನ ಒಂದು ಹಳೇ ವಾಲ್ವು ತೊಟ್ಟಿಯ ಬದಿಯಲ್ಲಿತ್ತು, ಮೇಲೆ ಬಣ್ಣ ಬಳಿದು ಮರೆತದ್ದು. ತಿರುಗುತ್ತದೆಯೋ ನೋಡೋಣ ಎಂದು ಒಂದು ಶನಿವಾರ ತಿರುಗಿಸಿದೆ. ತಿರುಗಿತು. ತೊಟ್ಟಿ ಇಪ್ಪತ್ತು ನಿಮಿಷದಲ್ಲಿ ಖಾಲಿ. ಅಂದಿನಿಂದ ಹನ್ನೊಂದು ತಿಂಗಳು ನಾನು ಶನಿವಾರ ಬೇಗ ಮನೆಗೆ ಹೋಗುತ್ತಿದ್ದೇನೆ. ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಎಲ್ಲಿಗೋ ಹೋಗುತ್ತದೆ.

ಎರಡನೇ ಭಾನುವಾರ ನಾವು ಮೂವರು ಸಾಲಿನಲ್ಲಿ ನಿಂತೆವು. ಕಂಡಕ್ಟರಮ್ಮ ಪ್ರತಿ ಸಂಸಾರಕ್ಕೂ ಒಂದೇ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದರು: “ಇವತ್ತು ಇಲ್ಲಿಗೆ ಬರದಿದ್ರೆ ಎಲ್ಲಿಗೆ ಹೋಗ್ತಿದ್ರಿ?” ಒಬ್ಬರು ಮಾಲ್ ಎಂದರು, ಒಬ್ಬರು ಬೆಟ್ಟದ ರೆಸಾರ್ಟ್ ಎಂದರು, ಮೂರು ಗಂಟೆ ದಾರಿ. ಹಾಳೆಯ ಕೆಳಗೆ ಕಂಡಕ್ಟರಮ್ಮ ಬರೆದದ್ದನ್ನು ನಾನು ಕತ್ತು ಚಾಚಿ ಓದಿದೆ: ‘ಸಂಸಾರ ಹದಿಮೂರು. ಮನೆಯಲ್ಲೇ ಉಳಿದ ಕಾರು ಎಂಟು.’ ಯಜಮಾನರಿಗೆ ಹೇಳಲು ಮೊದಲ ಸುಳಿವು ಸಿಕ್ಕಿತು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಕಾರುಗಳ ಲೆಕ್ಕ ಇವರಿಗೇಕೆ?

“ನೀವು?” ನಮ್ಮ ಸರದಿ.

“ಇವನು ಮಲಗಿರ್ತಿದ್ದ,” ಎಂದಳು ಅಕ್ಕ.

“ಏನು ಕೆಲಸ?”

“ಸ್ಟೇಷನರಿ ಅಂಗಡೀಲಿ ಅಮ್ಮ,” ಎಂದೆ. ಮನೆಯಿಂದಲೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಅಕ್ಕ ನನ್ನ ಕಡೆ ತಿರುಗಿದಳು, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ನನಗೆ ಹೆಚ್ಚು ಭಯ.

ಹಳ್ಳದ ಉದ್ದಕ್ಕೂ ಹತ್ತು ಸ್ಟೇಜು. ಮೇಲೆ ರಸ್ತೆಯ ಮೋರಿಯಿಂದ ಶುರು, ಕೆಳಗೆ ರೈಲು ಸೇತುವೆಗೆ ಕೊನೆ. ಬಸ್ಸಿನಲ್ಲಿ ಯಾವ ಸ್ಟೇಜಿನಲ್ಲಿ ಎಷ್ಟು ಜನ ಹತ್ತಿದರು, ಇಳಿದರು ಎಂದು ಕಂಡಕ್ಟರುಗಳು ಬರೆಯುವ ಟ್ರಿಪ್ ಶೀಟಿನ ಹಾಗೆಯೇ ಹಾಳೆಗೆ ಗೆರೆ ಎಳೆದಿದ್ದರು. ಮೇಲಿನ ಸಾಲಿನಲ್ಲಿ ಮಾತ್ರ ‘ಕಾಲಿದ್ದವು, ರೆಕ್ಕೆ ಇದ್ದವು, ಎರಡೂ ಇಲ್ಲದವು.’ ಒಂದೊಂದು ಸ್ಟೇಜೂ ಒಂದೊಂದು ಸಂಸಾರದ ಪಾಲು. ಸ್ಟೇಜಿಗಿಂತ ಸಂಸಾರ ಹೆಚ್ಚಾದರೆ ಎರಡು ಸಂಸಾರಕ್ಕೊಂದು. ಸೀಟಿ ಬಿದ್ದಾಗ ಎಲ್ಲರೂ ನಿಲ್ಲಬೇಕು, ಆ ಸ್ಟೇಜಿನ ಸಂಸಾರ ಕಲ್ಲು ಎತ್ತಿ, ಎಲೆ ಮಗುಚಿ, ನೋಡಿ, ಕಲ್ಲನ್ನು ಇದ್ದ ಹಾಗೇ ಇಟ್ಟು, ಬರೆಯಬೇಕು. ಹತ್ತು ನಿಮಿಷ. ಆಮೇಲೆ ಎರಡು ಸೀಟಿ.

ಮೂರನೇ ಸ್ಟೇಜಿನ ಸಂಸಾರಕ್ಕೆ ಆರು ಕಪ್ಪೆ. ನಾಲ್ಕನೆಯದರಲ್ಲಿ ಕೋಲಿನ ಅಜ್ಜ ಒಂದು ಏಡಿಯನ್ನು ತೋರಿಸಿ, ಅದು ಹೋದ ವಾರದ್ದೇ ಏಡಿ, ಎಡಗಡೆಯ ಕೊಂಡಿ ಮುರಿದಿದೆ ನೋಡಿ ಎಂದು ಸೊಸೆಯ ಜೊತೆ ವಾದಕ್ಕೆ ನಿಂತರು. ಐದನೆಯದು ಟೀ ಅಂಗಡಿ ಗಂಡಹೆಂಡಿರದು. ಮೊದಲ ವಾರ ಅಲ್ಲಿ ಅವರಿಗೆ ತಮ್ಮದೇ ಅಂಗಡಿಯ ನಲವತ್ತು ಪ್ಲಾಸ್ಟಿಕ್ ಲೋಟ ಸಿಕ್ಕಿದ್ದವಂತೆ. “ನಮ್ಮ ಕಸ ನಮಗಿಂತ ಮುಂಚೆ ಬಂದು ಕೂತಿತ್ತು,” ಎಂದರು ಅವರು ನನಗೆ. ಈಗ ಗಾಜಿನ ಲೋಟ ಇಟ್ಟಿದ್ದಾರೆ, ತೊಳೆದು ತೊಳೆದು ಗಂಡನ ಕೈ ಸವೆದಿದೆ.

“ಹೊಸಬರಿಗೆ ಏಳನೇದು,” ಎಂದರು ಕಂಡಕ್ಟರಮ್ಮ. ಡಿಪೋದಲ್ಲಿ ಹೊಸ ಕಂಡಕ್ಟರಿಗೆ ಹಳೇ ಬಸ್ಸು ಕೊಡುತ್ತಾರಂತೆ, ಹಾಗೆ.

ಏಳನೇ ಸ್ಟೇಜು ಯಾರಿಗೂ ಬೇಡವಾದ ಸ್ಟೇಜು. ಆರನೆಯದರಲ್ಲಿ ಗೊದಮೊಟ್ಟೆಗಳು ಸಾಸಿವೆ ಚೆಲ್ಲಿದ ಹಾಗಿದ್ದವು. ಒಂದು ಮುಳ್ಳುಪೊದೆ ದಾಟಿ ಏಳಕ್ಕೆ ಬಂದರೆ ನೀರು ಸುಮ್ಮನೆ ಹರಿಯುತ್ತಿತ್ತು, ಅಷ್ಟೆ. ಕಲ್ಲುಗಳ ಮೇಲೆ ಬೂದುಬಣ್ಣದ ಪದರ. ಪುಟ್ಟಿ ಪ್ಯಾಂಟು ಮಡಿಸಿ ಇಳಿದಳು. ಒಂದು ಕಲ್ಲು, ಎರಡು ಕಲ್ಲು, ಹನ್ನೊಂದು ಕಲ್ಲು.

“ಮಾಮ, ಇಲ್ಲಿ ಯಾರೂ ಇಲ್ಲ.”

“ಇನ್ನೊಂದು ಕಲ್ಲು ನೋಡು ಪುಟ್ಟಿ.”

“ಎಲ್ಲ ನೋಡ್ದೆ. ಬಸವನ ಹುಳುನೂ ಇಲ್ಲ.”

ಬೇರಿನ ಸಂದಿಯಲ್ಲಿ ಮುಷ್ಟಿಯಷ್ಟು ಬಿಳಿ ನೊರೆ ಸಿಕ್ಕಿಕೊಂಡಿತ್ತು. ಪುಟ್ಟಿ ಅದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದಳು. “ಮಾಮನ ಶರ್ಟಿನ ವಾಸನೆ,” ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಹೆಗಲನ್ನಲ್ಲ, ಇಡೀ ಶರ್ಟನ್ನೇ ಮುಟ್ಟಿ ನೋಡಿಕೊಂಡೆ. ತಲೆಯೆತ್ತಿದರೆ ಪೊದೆಯಾಚೆ ಲಾಂಡ್ರಿಯ ಚಿಮಣಿ. ‘ಎಲ್ಲಿಗೋ’ ಎಂಬ ಜಾಗ ಕಣ್ಣೆದುರು ಹರಿಯುತ್ತಿತ್ತು.

ಮೂರು ಕಾಲಮ್ಮಿನಲ್ಲೂ ಸೊನ್ನೆ ಬರೆದು ಕೊಟ್ಟೆವು. ಕಂಡಕ್ಟರಮ್ಮ ತೆಗೆದುಕೊಂಡರು. ಚೀಲದಲ್ಲಿ ಹಳೆಯ ಹಾಳೆಗಳ ಕಟ್ಟು ಇತ್ತು. ಹಾಳೆ ಮಗುಚಿದಂತೆ ಏಳನೇ ಸಾಲಿನ ಸೊನ್ನೆಗಳು ಒಂದರ ಹಿಂದೊಂದು ಗುಂಡಿಗಳ ಹಾಗೆ ಸಾಲಾಗಿದ್ದವು.

ಆ ವಾರ ಮನೆಯಲ್ಲಿ ನಡೆದದ್ದು ಕಂಡಕ್ಟರಮ್ಮ ಹೇಳಿದಂತೆಯೇ. ಸೋಮವಾರ ಊಟದ ಹೊತ್ತಿಗೆ ಪುಟ್ಟಿ, “ಆರನೇದರಲ್ಲಿ ಇದ್ದಾವೆ, ಏಳನೇದರಲ್ಲಿ ಯಾಕಿಲ್ಲ?” ಎಂದಳು. ಬಿಸಿಲು ಜಾಸ್ತಿ ಎಂದೆ. ಮಂಗಳವಾರ, “ಆರರಲ್ಲೂ ಬಿಸಿಲಿತ್ತಲ್ಲ?” ಹಾವು ತಿಂದಿರಬೇಕು ಎಂದೆ. ಬುಧವಾರ, “ಹಾವಾದ್ರೂ ಇರಬೇಕಿತ್ತಲ್ಲ ಮಾಮ, ಅದನ್ನೇ ಬರೀಬಹುದಿತ್ತು.” ಶಾಲೆಯಲ್ಲಿ ಮೂರನೇ ಸ್ಟೇಜಿನ ಹುಡುಗಿ ತನ್ನ ಆರು ಕಪ್ಪೆಗಳ ಬಗ್ಗೆ ಮಾತಾಡಿ ಮಾತಾಡಿ ಇವಳ ಹೊಟ್ಟೆ ಉರಿಸಿದ್ದಳು.

ಅಕ್ಕ ಸಿಂಕಿನ ಮುಂದೆ ನಿಂತು ಬೆನ್ನು ತಿರುಗಿಸಿಯೇ ಕೇಳಿದಳು: “ಸ್ಟೇಷನರಿ ಅಂಗಡಿಯವರೇ, ಒಂದು ಮಾತು. ಹೋದ ವರ್ಷದವರೆಗೆ ನೀವು ಶನಿವಾರ ರಾತ್ರಿ ಎಂಟಕ್ಕೆ ನಾರುತ್ತಾ ಬರ್ತಿದ್ರಿ. ಈಗ ಆರಕ್ಕೆ ಘಮಘಮ ಅಂತ ಬರ್ತೀರಿ. ಏನು ಬಡ್ತಿ ಸಿಕ್ತಾ?”

“ಮೆಷಿನ್ ಸುಧಾರಿಸಿದೆ ಅಕ್ಕ.”

“ಮೆಷಿನ್ನಾ,” ಎಂದಳು ಅಕ್ಕ, ತಟ್ಟೆ ತೊಳೆಯುತ್ತ.

ಅವಳಿಗೆ ಎಲ್ಲ ಗೊತ್ತಾಗಿದೆಯೋ, ಅರ್ಧ ಗೊತ್ತಾಗಿದೆಯೋ ಎಂಬ ಅನುಮಾನದಲ್ಲಿ ನನಗೆ ಮೂರು ದಿನ ನಿದ್ದೆ ಬರಲಿಲ್ಲ. ಒಂದು ಕಡೆ ನೋಡಿದರೆ ನನಗಿಂತ ಅದೃಷ್ಟವಂತ ಇಲ್ಲ. ‘ಆ ಯಮ್ಮ ಯಾರದೋ ಕಡೆಯವರು ಸಾರ್’ ಎಂದು ಒಂದು ಮಾತು ಹೇಳಿದರೆ ಸಾಕು. ಗೇಟು ಬೀಳುತ್ತದೆ, ದಾರಿ ಮುಚ್ಚುತ್ತದೆ, ಸೊನ್ನೆಯನ್ನು ನೋಡುವವರೇ ಇರುವುದಿಲ್ಲ. ನೋಡುವವರಿಲ್ಲದ ಮೇಲೆ ಸೊನ್ನೆ ಆದರೇನು, ಸಾವಿರ ಆದರೇನು. ನಿಜ ಹೇಳಿದರೆ ಸ್ಟೂಲು ಹೋಗುತ್ತದೆ. ಈ ಲೆಕ್ಕ ಎಷ್ಟು ಸುಲಭವಾಗಿತ್ತೆಂದರೆ ಅದರ ಮೇಲೇ ನನಗೆ ಸಂಶಯ ಬಂತು.

ಆ ಶನಿವಾರ ಜಾಲರಿ ಬಿಚ್ಚಿದೆ. ಹನ್ನೊಂದು ತಿಂಗಳ ಹಿಂದೆ ಬಿಟ್ಟಿದ್ದ ಹಿಂಜು ಒಣಗಿ ಕಂಬಳಿಯಾಗಿತ್ತು. ಎರಡು ಗಂಟೆಯ ಕೆಲಸ ನಾಲ್ಕು ಗಂಟೆ ಹಿಡಿಯಿತು. ಇಷ್ಟು ಪುಣ್ಯ ಕಟ್ಟಿಕೊಂಡ ಮೇಲೆ ನಾಳೆ ಏಳನೇ ಸ್ಟೇಜಿನಲ್ಲಿ ಕಪ್ಪೆಗಳು ಮೆರವಣಿಗೆ ಬಂದು ನನ್ನ ಕೈಕುಲುಕುತ್ತವೆ ಎಂದುಕೊಂಡಿದ್ದೆ.

ಭಾನುವಾರ ಸೊನ್ನೆ.

ಪುಟ್ಟಿಯ ಕೆಳತುಟಿ ಮುಂದೆ ಬಂತು. ಅಕ್ಕ ಅವಳನ್ನು, ಬೇರೊಂದು ತೊರೆ ಬಂದು ಸೇರಿ ನೀರು ತಿಳಿಯಾಗುವ ಎಂಟನೇ ಸ್ಟೇಜಿನ ಕಡೆಗೆ ಕರೆದುಕೊಂಡು ಹೋದಳು. ಕಂಡಕ್ಟರಮ್ಮ ನನ್ನ ಪಕ್ಕದ ಕಲ್ಲಿನ ಮೇಲೆ ಕೂತರು. “ಕೈ ತೋರ್ಸು,” ಎಂದರು.

ತೋರಿಸಿದೆ.

“ಈ ಬೆರಳು ಕಾಗದ ಮಾರೋರದ್ದಲ್ಲ. ತುದಿ ನೋಡು, ನೆನೆಸಿಟ್ಟ ಹಾಗೆ ಸುಕ್ಕಾಗಿದೆ. ಸೋಪಿನ ಕೈ. ಮೊದಲನೇ ದಿನವೇ ನೋಡ್ದೆ. ಮೇಲ್ಗಡೆ ಲಾಂಡ್ರಿಯವರು ಕಳ್ಸಿದಾರಾ?”

“ಹೌದಮ್ಮ. ನೀವು ಯಾರ ಕಡೆಯವರು ಅಂತ ತಿಳ್ಕೊಂಡು ಬಾ ಅಂದ್ರು.”

ಕಂಡಕ್ಟರಮ್ಮ ನಕ್ಕರು. “ನನಗೂ ಇದೇ ರೋಗ ಇತ್ತಪ್ಪ,” ಎಂದು ಶುರುಮಾಡಿದರು.

ಅವರು ಕೆಲಸಕ್ಕೆ ಸೇರಿದಾಗ ಡಿಪೋದಲ್ಲಿ ಹೆಂಗಸರಿಗೆ ಒಂದು ಬಚ್ಚಲೂ ಇರಲಿಲ್ಲವಂತೆ. ಮೂವತ್ತೊಂದು ವರ್ಷ ಒಂದೇ ರೂಟು, ದಿನಕ್ಕೆ ಎಂಟು ಸಲ ಮೇಲಿನ ಮೋರಿ ದಾಟುವ ಬಸ್ಸು. ಮೋರಿಯ ಹತ್ತಿರ ಒಂದು ಸ್ಟಾಪು, ಯಾರೂ ಇಳಿಯದ ಸ್ಟಾಪು. ಒಬ್ಬ ಮನುಷ್ಯ ಮಾತ್ರ ಪ್ರತಿ ಗುರುವಾರ ಮಧ್ಯಾಹ್ನ ಚೀಲ ಹಿಡಿದುಕೊಂಡು ಇಳಿಯುತ್ತಿದ್ದ. ಮನೆ ಇಲ್ಲ, ಅಂಗಡಿ ಇಲ್ಲ, ಇಲ್ಲಿ ಇವನಿಗೇನು ಕೆಲಸ? ಕದ್ದ ಮಾಲು ಹೂಳುತ್ತಾನೋ, ಕಳ್ಳಭಟ್ಟಿಯೋ. ಒಂಬತ್ತು ವರ್ಷ ಅನುಮಾನಪಟ್ಟರಂತೆ. ಬಸ್ಸು ಬಿಟ್ಟು ಇಳಿಯುವ ಹಾಗಿರಲಿಲ್ಲ. ಆಮೇಲೆ ಅವನು ಬರುವುದು ನಿಂತಿತು. ಇವರು ನಿವೃತ್ತರಾದ ಮಾರನೇ ದಿನವೇ ಬಂದು ಆ ಸ್ಟಾಪಿನಲ್ಲಿ ಇಳಿದರು. ಆಗಿನ್ನೂ ಆ ಕಡೆ ಗೋಡೌನುಗಳ ಗೋಡೆ ಎದ್ದಿರಲಿಲ್ಲ.

“ಹುಡುಕಿದೆ. ಏನೂ ಇಲ್ಲ. ಮೂರನೇ ಸ್ಟೇಜಿನ ಹತ್ರ ಒಂದು ಕಲ್ಲು, ಕೂತು ಕೂತು ನುಣ್ಣಗಾಗಿತ್ತು. ಅಷ್ಟೇ. ಆ ಪುಣ್ಯಾತ್ಮ ಬಂದು ಕೂತ್ಕೊಂಡು ಹೋಗ್ತಿದ್ದ. ಏನು ನೋಡ್ತಿದ್ದ ಅಂತ ನಾನೂ ಕೂತೆ. ಒಂದು ಮಿಂಚುಳ್ಳಿ ಬಂದು ನೀರಿಗೆ ಬಿತ್ತು, ಮೀನು ಹಿಡ್ಕೊಂಡು ಎದ್ದಿತು. ಮೂವತ್ತೊಂದು ವರ್ಷ ನಾನು ಇದರ ಮೇಲೇ ಹೋಗಿದ್ದೆ ಕಣಪ್ಪ, ಮುಂದೆ ಬನ್ನಿ ಮುಂದೆ ಬನ್ನಿ ಅಂತ ಕೂಗ್ತಾ.”

ಅವರ ಮಗ, ಸೊಸೆ, ಮೊಮ್ಮಗ ಪ್ರತಿ ಭಾನುವಾರ ಕಾರು ಹತ್ತಿ ದೂರದ ಜಲಪಾತಕ್ಕೆ ಹೋಗಿ, ಕಾರುಗಳ ಸಾಲಿನಲ್ಲಿ ಎರಡು ಗಂಟೆ ಹೊಗೆ ಕುಡಿದು, ನಾಲ್ಕು ಫೋಟೋ ತೆಗೆದುಕೊಂಡು, ಕೆಮ್ಮುತ್ತ ಬರುತ್ತಿದ್ದರು. “ನೀರು ನೋಡೋಕೆ ಒಂದು ಟ್ಯಾಂಕ್ ಪೆಟ್ರೋಲ್ ಸುಡ್ತೀರಲ್ಲೋ, ಹತ್ತು ನಿಮಿಷ ನಡೆದ್ರೆ ಹಳ್ಳ ಇದೆ ಅಂದೆ. ಸೊಸೆ ಅದು ಚರಂಡಿ ಅಂದ್ಲು. ಚರಂಡಿ ಯಾಕಾಯ್ತು ಗೊತ್ತಾ? ಯಾರೂ ನೋಡಲ್ಲ ಅದಕ್ಕೆ. ದೂರದ ನೀರನ್ನ ಫೋಟೋ ಹೊಡ್ಕೊಂಡು ಬರ್ತೀವಿ. ಹತ್ತಿರದ್ದು ಕೆಟ್ಟರೆ ಮನೇಲಿ ಊಟಕ್ಕೆ ಕೂತಾಗ ಮಗು ಕೇಳುತ್ತೆ, ಯಾಕೆ ಅಂತ. ಆಗ ಉತ್ತರ ಹೇಳ್ಬೇಕಾಗುತ್ತೆ.”

ನಾನು ಬುಧವಾರದ ಊಟ ನೆನೆಸಿಕೊಂಡು ಮಾತು ಬದಲಿಸಿದೆ.

“ಏಳನೇದರ ಬಗ್ಗೆ ಯಾವ ಆಫೀಸಿಗೂ ಯಾಕೆ ಹೇಳಲಿಲ್ಲಮ್ಮ?”

“ಹೇಳಿದ್ರೆ ದಾರಿ ಹೋಗುತ್ತೆ. ದಾರಿ ಹೋದ್ರೆ ಉಳಿದ ಒಂಬತ್ತು ಸ್ಟೇಜೂ ಹೋಗುತ್ತೆ. ಕಂಡಕ್ಟರ್ ಆದವಳು ಕಣ್ಣಾರೆ ನೋಡದೆ ಇವನೇ ಜೇಬುಗಳ್ಳ ಅಂತ ಕೂಗಬಾರದು.” ಎದ್ದು ನಿಂತರು. “ನೀನು ನಾಳೆ ನಿಮ್ಮ ಯಜಮಾನರಿಗೆ ಏನು ಹೇಳ್ತೀಯೋ ನಿನಗೆ ಬಿಟ್ಟಿದ್ದು.”

ಸೋಮವಾರ ಆಫೀಸು ಕೋಣೆಯಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡಲು ನೋಡಿದೆ. ಇನ್ನೂ ಒಂದು ವಾರ ನೋಡಬೇಕು, ಹಾಗೂ ಇರಬಹುದು, ಹೀಗೂ ಇರಬಹುದು ಎಂದೆ. ಯಜಮಾನರು ಗೇಟು ಕೂರಿಸುವವರನ್ನು ಬರಹೇಳಲು ಫೋನು ಎತ್ತಿದರು. ಆಗ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು.

“ಸಾರ್, ಅವರು ಯಾರ ಕಡೆಯವರೂ ಅಲ್ಲ. ಹುಳ ಎಣಿಸ್ತಾರೆ. ನಮ್ಮ ಲಾಂಡ್ರಿ ಕೆಳಗೆ ಒಂದೂ ಹುಳ ಇಲ್ಲ. ಅದಕ್ಕೆ ಕಾರಣ ನಾನು.” ವಾಲ್ವಿನ ಕತೆ ಪೂರ್ತಿ ಹೇಳಿದೆ.

ಯಜಮಾನರು ಫೋನು ಕೆಳಗಿಟ್ಟರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕಣ್ಣು ಸಣ್ಣದು ಮಾಡಿ, “ಎಷ್ಟು ಕೊಟ್ಟಳು?” ಎಂದರು.

“ಸಾರ್?”

“ತಪ್ಪು ನನ್ನದು ಅಂತ ತಾನಾಗೇ ಒಪ್ಕೊಳ್ಳೋ ಕೆಲಸದವನನ್ನ ನಾನು ಇಪ್ಪತ್ತೆರಡು ವರ್ಷದಲ್ಲಿ ನೋಡಿಲ್ಲ. ಆ ಯಮ್ಮ ನಿನ್ನ ತಲೆ ಕೆಡಿಸಿದ್ದಾಳೆ. ಆ ವಾಲ್ವು ತಿರುಗೋದೇ ಇಲ್ಲ.”

“ತಿರುಗುತ್ತೆ ಸಾರ್.”

“ಭಾನುವಾರ ನಾನೇ ಬರ್ತೀನಿ.”

ಒಬ್ಬರಿಗೇ ಜಾಗ ಇಲ್ಲ ಎಂದು ನಾನು ತಿಳಿಸಬೇಕಾಯಿತು. ಹೀಗಾಗಿ ನಾಲ್ಕನೇ ಭಾನುವಾರ ಯಜಮಾನರು, ಅವರ ಹೆಂಡತಿ ಮತ್ತು ಅವರ ತಾಯಿ ಸಾಲಿನಲ್ಲಿ ನಿಂತರು. ತಾಯಿಗೆ ಎಂಬತ್ತೊಂದು. ಇಪ್ಪತ್ತು ವರ್ಷದಿಂದ ಕಿಟಕಿಯಿಂದ ನೋಡುತ್ತಿದ್ದ ಹಳ್ಳಕ್ಕೆ ಆ ತಾಯಿ ಇಳಿದದ್ದು ಅವತ್ತೇ. ದಾರಿಯ ಯಜಮಾನರನ್ನೂ ಕಂಡಕ್ಟರಮ್ಮ ಬಿಡದೆ, “ಇವತ್ತು ಇಲ್ಲಿಗೆ ಬರದಿದ್ರೆ ಎಲ್ಲಿಗೆ ಹೋಗ್ತಿದ್ರಿ?” ಎಂದರು.

“ಕಿಟಕಿಗೆ,” ಎಂದರು ಅವರ ಹೆಂಡತಿ.

ಆರರಲ್ಲಿ ತಾಯಿ ಗೊದಮೊಟ್ಟೆಗಳನ್ನು ನೋಡಿ ಮಗನ ತೋಳು ಹಿಡಿದು ಬಗ್ಗಿದರು. ಏಳಕ್ಕೆ ಬಂದೆವು. ಯಜಮಾನರು ತಾವೇ ಕಲ್ಲು ಎತ್ತಿ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಮುಳ್ಳುಪೊದೆಯೊಳಗೆ ಹೊಟ್ಟೆಯ ಮೇಲೆ ತೆವಳಿದೆ; ಕೈಯೆಲ್ಲ ಗೀರಿಸಿಕೊಂಡು ಕೊಂಬೆ ಸರಿಸಿದಾಗ ಪೈಪಿನ ಬಾಯಿ ಕಾಣಿಸಿತು, ಸುತ್ತ ಬಿಳಿ ಹಿಂಜು ಗಡ್ಡದ ಹಾಗೆ ಇಳಿಬಿದ್ದಿತ್ತು. ಸಾಬೂನಿನ ನೀರು ಎಂದರೆ ಶುದ್ಧವೇ ತಾನೇ ಎಂದು ಇಷ್ಟು ದಿನ ನಂಬಿದ್ದವನು ನಾನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಹತ್ತಕ್ಕೆ ಏಳು ಅಂಕ ತೆಗೆದಿದ್ದೆ.

“ಇದು ನಮ್ಮನೇದೇನೋ?” ಎಂದು ತಾಯಿ ಮಗನನ್ನು ಕೇಳಿದರು. ಕೋಲಿನ ಅಜ್ಜ, ಟೀ ಅಂಗಡಿಯವರು, ಅಕ್ಕ, ಪುಟ್ಟಿ, ಎಲ್ಲರೂ ಪೊದೆಯಿಂದ ಹಿಂದಕ್ಕೆ ತೆವಳುತ್ತಿದ್ದ ನನ್ನ ಕಾಲುಗಳನ್ನು ನೋಡುತ್ತಿದ್ದರು.

“ಮಾಮ, ನೀನಾ?” ಎಂದಳು ಪುಟ್ಟಿ.

ಹೂಂ ಎಂದೆ. ಅವಳು ಬೈಯಲಿಲ್ಲ. ಪೆನ್ಸಿಲನ್ನು ನನ್ನ ಜೇಬಿನಿಂದ ತೆಗೆದುಕೊಂಡಳು, ಅಷ್ಟೆ.

ಸೋಮವಾರ ತೀರ್ಪು ಬಂತು. ಮೆಷಿನ್ ಕಿತ್ತುಕೊಂಡು ಹೊಂಡ ಕೊಟ್ಟರು. ಇನ್ನು ಮೇಲೆ ದಿನಾ ಜಾಲರಿ ಬಿಚ್ಚುವುದು ನಾನು. ಸ್ಟೂಲಿನ ಮೇಲೆ ಬೇರೆಯವನು. ಹಳೇ ವಾಲ್ವಿನ ಬಾಯಿಗೆ ಸಿಮೆಂಟು ಬಿತ್ತು. ಗೇಟಿನ ಬಗ್ಗೆ ಕೇಳಲು ನನಗೆ ಧೈರ್ಯವಿರಲಿಲ್ಲ; ಯಜಮಾನರೇ ಹೇಳಿದರು.

“ಗೇಟು ಹಾಕಲ್ಲ. ಹಾಕಿದ್ರೆ ಇನ್ನು ನೀನು ಏನು ಮಾಡ್ತೀಯೋ ನೋಡೋರು ಯಾರು? ಹದಿಮೂರ್ಹದಿನಾಲ್ಕು ಸಂಸಾರ ವಾರಕ್ಕೊಂದ್ಸಲ ಬಿಟ್ಟಿಯಾಗಿ ನಿನ್ನ ಮೇಲೆ ಕಣ್ಣಿಡುತ್ತೆ. ಇಷ್ಟು ಅಗ್ಗಕ್ಕೆ ಕಾವಲು ಎಲ್ಲಿ ಸಿಗುತ್ತೆ?”

ದಾರಿ ಉಳಿದದ್ದು ಹೀಗೆ. ಪ್ರಕೃತಿಪ್ರೇಮಕ್ಕಲ್ಲ, ನನ್ನ ಮೇಲಿನ ಅಪನಂಬಿಕೆಗೆ. ಆ ಮಟ್ಟಿಗೆ ನಾನೂ ಪರಿಸರಕ್ಕೆ ಏನೋ ಮಾಡಿದ್ದೇನೆ.

ಆದರೆ ಹಳ್ಳಕ್ಕೆ ತೀರ್ಪು ಗೊತ್ತಿರಲಿಲ್ಲ. ಮುಂದಿನ ಭಾನುವಾರ ಸೊನ್ನೆ. ಅದರ ಮುಂದಿನದೂ ಸೊನ್ನೆ. ನಾನು ಹೊಂಡದ ವಾಸನೆ ಹೊತ್ತುಕೊಂಡು ಎಂಟಕ್ಕೆ ಮನೆಗೆ ಬರುತ್ತಿದ್ದೆ, ಅಕ್ಕ ಬಾಗಿಲಲ್ಲೇ ಬಕೆಟ್ ಇಡುತ್ತಿದ್ದಳು. ಆರು ವಾರ ಹೀಗೇ ಹೋಯಿತು. ಐದನೇ ವಾರ ಪುಟ್ಟಿ ಮೂರನೇ ಸ್ಟೇಜಿನ ಹುಡುಗಿಯ ಜೊತೆ ಸ್ಟೇಜು ಬದಲಾಯಿಸಿಕೊಳ್ಳುವ ಮಾತು ಎತ್ತಿದ್ದಳು. ಕಂಡಕ್ಟರಮ್ಮ ಒಪ್ಪಲಿಲ್ಲ. “ಬಸ್ಸು ಕೆಟ್ಟಿತು ಅಂತ ಕಂಡಕ್ಟರ್ ಇಳಿದು ಹೋಗಬಾರದು,” ಎಂದರು.

ಏಳನೇ ವಾರ ಪುಟ್ಟಿ ಕೂಗಲಿಲ್ಲ. ಉಸಿರು ಬಿಗಿಹಿಡಿದು ನನ್ನ ಶರ್ಟು ಎಳೆದಳು. ಕಲ್ಲಿನ ಪಕ್ಕದ ನಿಂತ ನೀರಿನ ಮೇಲೆ ಉದ್ದ ಕಾಲಿನ ಒಂದು ಹುಳು, ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ, ತಟ್ಟನೆ ಇತ್ತ ಜಾರಿತು, ತಟ್ಟನೆ ಅತ್ತ. ಒಂದೇ ಒಂದು.

ಕಂಡಕ್ಟರಮ್ಮ ಬಂದು ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಜೇಬು,” ಎಂದರು.

“ಅಮ್ಮಾ?”

“ಜೇಬು ತೋರ್ಸು. ಚೀಲಾನೂ.”

ತೋರಿಸಿದೆ. ಚೀಲದಲ್ಲಿ ನನ್ನ ತಿಂಡಿಯ ಡಬ್ಬಿ. ಖಾಲಿ. ಮುಚ್ಚಳದಲ್ಲಿ ನಾಲ್ಕು ಹನಿ ನೀರು. ಬೆಳಿಗ್ಗೆ ತೊಳೆದು ಒರೆಸದೆ ಹಾಕಿಕೊಂಡು ಬಂದಿದ್ದೆ, ಸತ್ಯವಾಗಿ.

“ಆರನೇ ಸ್ಟೇಜಿಂದ ಹಿಡ್ಕೊಂಡು ಬಂದು ಬಿಟ್ಟೆಯಾ? ಮಗು ಅಳ್ತಾಳೆ ಅಂತ?”

“ಇಲ್ಲಮ್ಮ. ಅದು ತಾನಾಗೇ ಬಂದಿದೆ.”

ಟೀ ಅಂಗಡಿಯವರು ಗಂಟಲು ಸರಿಮಾಡಿಕೊಂಡರು. ಕೋಲಿನ ಅಜ್ಜ, “ಪಾಪ, ಮಾಡಿದ್ರೂ ಮಾಡಿರ್ಬಹುದು,” ಎಂದು ನನ್ನ ಪರವಾಗಿ ಮಾತಾಡಿ ನನ್ನನ್ನು ಪೂರ್ತಿ ಮುಳುಗಿಸಿದರು. ಹನ್ನೊಂದು ತಿಂಗಳು ಕಳ್ಳನಾಗಿದ್ದಾಗ ಯಾರೂ ನನ್ನ ಜೇಬು ಮುಟ್ಟಿರಲಿಲ್ಲ. ಈಗ ನಿಜ ಹೇಳುತ್ತಿದ್ದೇನೆ, ಸಾಕ್ಷಿಗೆ ಇರುವುದು ಒಂದು ಹುಳು, ಅದೂ ಒಂದು ಕಡೆ ನಿಲ್ಲುತ್ತಿಲ್ಲ.

ಎಲ್ಲರನ್ನೂ ಕೂರಿಸಿದರು ಕಂಡಕ್ಟರಮ್ಮ. ಮೇಲಿನಿಂದ ತೇಲಿ ಬಂದದ್ದಾದರೆ ಕೆಳಗೆ ತೇಲಿಹೋಗುತ್ತದೆ. ಇಲ್ಲಿಯದಾದರೆ ಇಲ್ಲೇ ಇರುತ್ತದೆ, ನೋಡೋಣ ಎಂದರು. ಹದಿನಾಲ್ಕು ಸಂಸಾರ ಬಾಯಿ ಮುಚ್ಚಿಕೊಂಡು ಅಂಗೈಯಗಲದ ನೀರನ್ನು ಕಾಲು ಗಂಟೆ ದಿಟ್ಟಿಸಿತು. ಹುಳು ಹೋಗಲಿಲ್ಲ. ಕಾಲು ಗಂಟೆಯ ಕೊನೆಗೆ ಅದೇ ಕಲ್ಲಿನ ನೆರಳಿನಿಂದ ಅದರಂಥದೇ ಇನ್ನೊಂದು, ಇನ್ನೂ ಚಿಕ್ಕದು, ಜಾರಿಕೊಂಡು ಬಂತು.

ಕಂಡಕ್ಟರಮ್ಮ ಹಾಳೆಯನ್ನು ನನಗೆ ಕೊಡಲಿಲ್ಲ, ಪುಟ್ಟಿಗೂ ಕೊಡಲಿಲ್ಲ. ಅಕ್ಕನ ಮುಂದೆ ಹಿಡಿದರು. “ನಿನ್ನ ತಮ್ಮ. ನಿನಗೆ ನಂಬಿಕೆ ಇದ್ರೆ ಬರಿ.”

ಅಕ್ಕ ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ‘ಕಾಲಿದ್ದವು’ ಕೆಳಗೆ ‘ಎರಡು’ ಎಂದು ಅಂಕಿಯಲ್ಲದೆ ಅಕ್ಷರದಲ್ಲಿ ಬರೆದು, ಪಕ್ಕದ ಖಾಲಿ ಜಾಗದಲ್ಲಿ ಸಣ್ಣದಾಗಿ, ‘ತಮ್ಮ ಬೆಳಿಗ್ಗೆಯಿಂದ ನನ್ನ ಕಣ್ಣೆದುರಿಗೇ ಇದ್ದ, ಡಬ್ಬಿ ತೆರೆದಿಲ್ಲ’ ಎಂದೂ ಸೇರಿಸಿ ಕೆಳಗೆ ಸಹಿ ಹಾಕಿದಳು.